ಕೈ ಮೇಲೆತ್ತಿಸಿ ತೆಗೆದ ಅಳತೆ

ಟೈಲರ್ ಕೆಲಸಕ್ಕೆಂದು ಮಲೆನಾಡಿನ ಕೊಪ್ಪಕ್ಕೆ ಬಂದ ಮೊದಲ ವಾರವೇ, ನಾನು ಹೊಲಿದ ಹೊಸ ಶರ್ಟು ಎರಡೂ ಕಂಕುಳಲ್ಲಿ ಬಾಯಿಬಿಟ್ಟುಕೊಂಡು ನನ್ನ ಮಿಷನ್ನಿನ ಮೇಲೆ ಬಂದು ಬಿತ್ತು. ಎಸೆದವನು ಪಕ್ಕದ ನಾರ್ವೆ ಎಂಬ ಹಳ್ಳಿಯ ಶೀನ, ಕೊನೆಗಾರ. ಅಡಿಕೆ ಮರ ಹತ್ತಿ ಗೊನೆ ಇಳಿಸುವವರಿಗೆ ಅಲ್ಲಿ ಹಾಗನ್ನುತ್ತಾರೆ. ಗದಗಿನ ಬಯಲಲ್ಲಿ ಬೆಳೆದ ನನಗೆ ಅಂಥದೊಂದು ಕಸುಬು ಇದೆಯೆಂದೇ ಗೊತ್ತಿರಲಿಲ್ಲ.

"ಎಂತ ಸಾಬ್ರೇ ಇದು? ಒಂದು ಮರ ಹತ್ತಿ ಇಳಿಯೋದ್ರೊಳಗೆ ಹರ್ದೋಯ್ತಲ್ಲ ಮಾರಾಯ್ರೆ!"

ಬಟ್ಟೆ ಕತ್ತರಿಸುತ್ತಿದ್ದ ಅಂಗಡಿಯ ಮಾಲೀಕ ಮಾಸ್ಟರು ತಲೆಯೆತ್ತದೆ, "ಹೊಸಬ. ಹೊಲಿಗೆ ಸಡಿಲ," ಎಂದುಬಿಟ್ಟರು. ಹೊಲಿಗೆ ಬಿಟ್ಟಿರಲಿಲ್ಲ, ಬಟ್ಟೆಯೇ ಹರಿದಿತ್ತು! ಬೆಲ್‌ಬಾಟಂ ಕಾಲ ಅದು. ಫ್ಯಾಶನ್ನೆಂದು ಮಾಸ್ಟರು ಶರ್ಟನ್ನು ಮೈಗಂಟುವಂತೆ ಕತ್ತರಿಸುತ್ತಿದ್ದರು. ನಮ್ಮ ಕಡೆ ಅಪ್ಪನ ಅಂಗಡಿಯಲ್ಲಿ ಕತ್ತರಿಸಿದವನೇ ಹೊಲಿಯುತ್ತಿದ್ದ, ಬೈಗುಳವನ್ನೂ ಅವನೇ ತಿನ್ನುತ್ತಿದ್ದ. ಇಲ್ಲಿ ನಾನು ಕತ್ತರಿ ಮುಟ್ಟುವಂತಿರಲಿಲ್ಲ. ಆ ರಾತ್ರಿ ಅಂಗಡಿ ಹಿಂದಿನ ಕೋಣೆಯಲ್ಲಿ ಕುಚ್ಚಲಕ್ಕಿ ಗಂಜಿ ಉಂಡು, ಹರಿದ ಶರ್ಟಿನ ಕಂಕುಳನ್ನು ದೀಪಕ್ಕೆ ಹಿಡಿದು ತಿರುವಿ ತಿರುವಿ ನೋಡಿದೆ.

ಮಾಸ್ಟರು ಮದುವೆಗೆಂದು ಶೃಂಗೇರಿಗೆ ಹೋದ ದಿನ ಶೀನ ಮತ್ತೆ ಬಟ್ಟೆ ತಂದ.

"ಕೈ ಮ್ಯಾಲೆತ್ರಿ. ಗೊನಿ ಕೊಯ್ಯೂ ಹಂಗ ನಿಂದರ್ರಿ," ಎಂದೆ.

ಹಾಗೆಯೇ ಅಳೆದು, ನಾನೇ ಕತ್ತರಿಸಿದೆ. ನಮ್ಮೂರ ಜುಬ್ಬಾಕ್ಕೆ ಇಡುವಂತೆ ಕೈ ಎತ್ತಿದರೂ ಬಿಗಿಯಾಗದಿರಲೆಂದು ಕಂಕುಳಿಗೆ ಒಂದೊಂದು ಚೌಕದ ತುಂಡು ಕೂಡಿಸಿದೆ. ಕೊಯ್ಲು ಮುಗಿದರೂ ಆ ಶರ್ಟು ಹರಿಯಲಿಲ್ಲ. ಶೀನ ಅಂಗಡಿಗೇ ಬಂದು ಎರಡೂ ಕೈ ಎತ್ತಿ ತೋರಿಸಿದಾಗ ನನ್ನ ಕಣ್ಣು ತುಂಬಿತು. ಸಂಬಳ ಹೆಚ್ಚಿದ ದಿನವೂ ಅಷ್ಟು ಖುಷಿಯಾಗಿರಲಿಲ್ಲ.

ಮುಂದಿನ ಕೊಯ್ಲಿಗೆ ಕಮ್ಮರಡಿ, ಕಡಹಿನಬೈಲಿನಿಂದೆಲ್ಲ ಕೊನೆಗಾರರು ಅದೇ ಶರ್ಟು ಕೇಳಿಕೊಂಡು ಬಂದರು. "ಅದು ನನ್ನದೇ ಕಟಿಂಗು," ಎಂದರು ಮಾಸ್ಟರು, ನನ್ನೆದುರಿಗೇ! ನನಗೂ ಕತ್ತರಿ ಕೊಡಿ ಎಂದು ಬಾಯಿಬಿಟ್ಟು ಕೇಳಿದೆ.

"ನಿಂಗೆ ಎಂತ ಕಡ್ಮೆ ಆಗಿದೆ ಮಾರಾಯ?"

ಮರುದಿನ ನನ್ನ ತಲೆಯ ಮೇಲೊಂದು ಫ್ಯಾನು ಹಾಕಿಸಿದರು. ಮಲೆನಾಡಿನ ಚಳಿಗೆ ಸ್ವೆಟರ್ ಹಾಕಿಕೊಂಡು ಹೊಲಿಯುತ್ತಿದ್ದವನಿಗೆ ಫ್ಯಾನು! ಕೂರಲು ಸ್ಟೂಲು, ಎರಡು ಹೊತ್ತು ಚಹಾ ಇಲ್ಲದಿದ್ದರೆ ನಾನೂ ಗೊಣಗುತ್ತಿದ್ದೆ, ನಿಜ. ಅವು ಇದ್ದ ಮಾತ್ರಕ್ಕೆ ಮಿಷನ್ ತುಳಿಯುವ ಹುಮ್ಮಸ್ಸು ಬರುತ್ತದೆಯೇ? ಇದು ಇವನ ಕೆಲಸ ಎಂದು ಒಂದು ಮಾತು ಹೇಳಿದ್ದರೆ ಅವರ ಗಂಟೇನು ಹೋಗುತ್ತಿತ್ತು? ಆ ಸಿಟ್ಟು ಇವತ್ತಿಗೂ ಇಳಿದಿಲ್ಲ.

ಕೆಲಸ ಬಿಟ್ಟು ಗದಗಿಗೆ ಮರಳಿ ಸ್ವಂತ ಅಂಗಡಿ ತೆರೆದೆ. ಮೊದಲ ಗಿರಾಕಿಗೆ ಟೇಪು ಹಿಡಿದವನೇ ರೂಢಿಯಂತೆ, "ಕೈ ಮ್ಯಾಲೆತ್ರಿ," ಎಂದೆ.

"ಯಾಕ್ರೀ, ನಾ ಏನ ಗಿಡಾ ಹತ್ತಾಂವೇನು?" ಎಂದು ಆತ ನಕ್ಕ.

ನನಗೆ ನಗು ಬರಲಿಲ್ಲ. ಕತ್ತರಿ ಕೊನೆಗೂ ನನ್ನ ಕೈಗೆ ಬಂದಿತ್ತು. ಕೈ ಎತ್ತಿ ನಿಲ್ಲುವವರೆಲ್ಲ ಕೊಪ್ಪದಲ್ಲೇ ಉಳಿದಿದ್ದರು.