ಬಗ್ಗದೆ ನೆಡುವ ಕೊಳವೆ

ಬೇರೆ ಹೆಂಗಸರು ಬೀಗದ ಕೈ ಗೊಂಚಲು ಸಿಕ್ಕಿಸಿಕೊಳ್ಳುವ ಜಾಗದಲ್ಲಿ, ಸೊಂಟದ ಎಡಕ್ಕೆ, ನಮ್ಮ ಮೇಡಂ ಒಂದು ವರ್ನಿಯರ್ ಕ್ಯಾಲಿಪರ್ ಸಿಕ್ಕಿಸಿಕೊಳ್ಳುತ್ತಿದ್ದರು. ಉಕ್ಕಿನದು, ಹಿಡಿದು ಹಿಡಿದು ಹೊಳಪು ಹೋದದ್ದು. ಸೀರೆ ಹತ್ತಿಯದಿರಲಿ, ರೇಷ್ಮೆಯದಿರಲಿ, ಆ ಅಳತೆ ಸಾಧನ ಮಾತ್ರ ಅಲ್ಲೇ. ಸಹೋದ್ಯೋಗಿಯೊಬ್ಬರ ಮಗಳ ಮದುವೆ ಊಟದಲ್ಲಿ, ಎಲೆಗೆ ಬಿದ್ದ ಆಲೂಗೆಡ್ಡೆ ಪಲ್ಯದ ಹೋಳನ್ನು ಎಡಗೈಯಲ್ಲಿ ಹಿಡಿದು ಅಳೆದು, ಪಕ್ಕದಲ್ಲಿ ಕೂತಿದ್ದ ನನಗೆ, “ಇದು ಕೈಯಲ್ಲಿ ಹೆಚ್ಚಿದ್ದಲ್ಲ ಕಣೆ, ಯಂತ್ರದ್ದು. ಎಲ್ಲ ಒಂದೇ ಅಳತೆ” ಅಂದಿದ್ದರು. ಬಡಿಸುವವನು ಬಕೆಟ್ ಹಿಡಿದುಕೊಂಡು ಹಾಗೇ ನಿಂತುಬಿಟ್ಟಿದ್ದ.

ಹಾಸನದ ಒಂದು ಇಂಜಿನಿಯರಿಂಗ್ ಕಾಲೇಜಿನಲ್ಲಿ ಅವರು ಮೆಕ್ಯಾನಿಕಲ್ ವಿಭಾಗದ ಪ್ರೊಫೆಸರು. ಸಂಶೋಧನೆ ಬೇಸಾಯದ ಯಂತ್ರಗಳದ್ದು. ಊರು ಹಳ್ಳಿಮೈಸೂರಿನ ಕಡೆ, ತಲೆಮಾರುಗಳಿಂದ ಜಮೀನು ಮಾಡಿಕೊಂಡು ಬಂದ ಗೌಡರ ಮನೆ. ಆಳು ಕುಳ್ಳು, ದನಿ ಮಾತ್ರ ಗದ್ದೆಯ ಆ ಬದುವಿಗೂ ಕೇಳುವಂಥದ್ದು. ಲ್ಯಾಬಿನಲ್ಲಿ ಯಾರ ಬಾಯಲ್ಲಾದರೂ ‘ಸುಮಾರು’ ಎಂಬ ಮಾತು ಬಂತೋ, ಅವತ್ತು ಅವನ ಗ್ರಹಚಾರ ಕೆಟ್ಟಿತು ಅಂತಲೇ ಅರ್ಥ. ಸುಮಾರು ಅನ್ನೋದು ಸೋಮಾರಿಗಳ ಅಳತೆ ಅನ್ನುತ್ತಿದ್ದರು. ಬೈದ ಮೇಲೆ ಅರ್ಧ ಗಂಟೆಗೆ ತಮ್ಮ ಡಬ್ಬಿಯಿಂದ ನಿಪ್ಪಟ್ಟು ತೆಗೆದು ಬೈಸಿಕೊಂಡವರ ಮೇಜಿನ ಮೇಲೆ ಇಟ್ಟು ಹೋಗುತ್ತಿದ್ದರು. ಅದು ಅವರ ಕ್ಷಮಾಪಣೆ. ನಮ್ಮಲ್ಲಿ ಕೆಲವರು ನಿಪ್ಪಟ್ಟಿನ ಆಸೆಗೇ ಬೇಕೆಂತಲೇ ತಪ್ಪು ಮಾಡುತ್ತಿದ್ದರೆಂಬ ಗುಮಾನಿ ನನಗಿದೆ.

ಅವರದೊಂದು ಕಟ್ಟುನಿಟ್ಟಿನ ಪದ್ಧತಿಯಿತ್ತು. ಯಾರ ಹೊಲದಲ್ಲಿ ನಾವು ಯಂತ್ರ ಓಡಿಸಿ ಪರೀಕ್ಷೆ ಮಾಡುತ್ತೇವೋ ಅವರ ಹೊಲದಲ್ಲಿ ಒಂದು ದಿನ ಮೈಮುರಿದು ದುಡಿಯಬೇಕು. ನಮ್ಮ ಕಡೆ ಇದಕ್ಕೆ ಮುಯ್ಯಿ ಅನ್ನುತ್ತಾರೆ. ನಿಮ್ಮ ಹೊಲಕ್ಕೆ ನಾವು ಬಂದರೆ, ನಮ್ಮ ಹೊಲಕ್ಕೆ ನೀವು ಬರಬೇಕು, ನಡುವೆ ಕೂಲಿಯ ಮಾತಿಲ್ಲ. ನಮಗೆ ಹೊಲವಿಲ್ಲವಲ್ಲ ಮೇಡಂ ಎಂದು ಯಾರೋ ಕೇಳಿದ್ದಕ್ಕೆ, ಅವರ ಹೊಲವೇ ನಮ್ಮ ಲ್ಯಾಬು, ಬಾಡಿಗೆ ಕೊಡೋದು ಬೇಡವಾ ಅಂದಿದ್ದರು. ಹೀಗಾಗಿ ಹೊಳೆನರಸೀಪುರ, ಅರಕಲಗೂಡು ತಾಲ್ಲೂಕುಗಳಲ್ಲಿ ಇಂಜಿನಿಯರಿಂಗ್ ಓದುವ ಹುಡುಗ ಹುಡುಗಿಯರು ಮೆಣಸಿನ ಗಿಡಕ್ಕೆ ಕಳೆ ಕೀಳುವುದನ್ನು ಜನ ಬಸ್ಸಿನ ಕಿಟಕಿಯಿಂದ ಕತ್ತು ಹೊರಹಾಕಿ ನೋಡುತ್ತಿದ್ದರು.

ನಾನು ಎಂ.ಟೆಕ್. ಓದಲು ಅವರ ಕೈಕೆಳಗೆ ಸೇರಿದೆ. ನಮ್ಮದು ಅರಕಲಗೂಡಿನಿಂದ ರಾಮನಾಥಪುರದ ದಾರಿಯಲ್ಲಿ ಒಳಗೆ ಹೋದರೆ ಸಿಗುವ ಒಂದು ಊರಿನ ಕಾಲೋನಿ. ನಮಗೆ ಜಮೀನಿಲ್ಲ. ಅಪ್ಪ ತೀರಿಕೊಂಡ ಮೇಲೆ ಅವ್ವ ಹೆಣ್ಣಾಳುಗಳ ಒಂದು ಗುಂಪು ಕಟ್ಟಿಕೊಂಡು ಹೊಗೆಸೊಪ್ಪಿನ ಸಸಿ ನೆಡುವ ಕೆಲಸಕ್ಕೆ ಹೋಗುತ್ತಿದ್ದಳು. ಮುಂಗಾರು ಬಿದ್ದು ನೆಲ ಹದವಾದರೆ ಆ ಗುಂಪಿಗೆ ಬಿಡುವೇ ಇಲ್ಲ. ಬೆಳಿಗ್ಗೆ ಬಗ್ಗಿದರೆ ಊಟದ ಹೊತ್ತಿಗೆ ಏಳುವುದು, ಮತ್ತೆ ಬಗ್ಗಿದರೆ ಹೊತ್ತು ಮುಳುಗುವಾಗ. ಮೇಡಂ ನನಗೆ ಕೊಟ್ಟ ವಿಷಯವೂ ಅದೇ ಆಗಿತ್ತು: ತಾನೇ ಸಸಿ ನೆಡುವ ಯಂತ್ರ. ಟ್ರೇಯಿಂದ ಸಸಿ ಎತ್ತಿಕೊಳ್ಳುವ ಒಂದು ಕಬ್ಬಿಣದ ತೋಳು, ಅದಕ್ಕೆ ದಾರಿ ತೋರಿಸಲು ಒಂದು ಕ್ಯಾಮೆರಾ, ಎಳೆಯಲು ಸಣ್ಣ ಟ್ರ್ಯಾಕ್ಟರು. ಯೋಜನೆಗೆ ಹೊರಗಿನ ಒಂದು ಸಮಿತಿ ಅನುದಾನವನ್ನೂ ಕೊಟ್ಟಿತ್ತು. ಲ್ಯಾಬಿನ ಮರಳಿನಲ್ಲಿ ಆ ತೋಳು ಮೊದಲ ಸಲ ಒಂದು ಸಸಿಯನ್ನು ನೆಟ್ಟಗೆ ನಿಲ್ಲಿಸಿದ ದಿನ ನನ್ನ ಕಾಲು ನೆಲದ ಮೇಲಿರಲಿಲ್ಲ.

ಆ ವಾರ ಊರಿಗೆ ಹೋದವಳು ಅವ್ವನಿಗೆ ಮೊಬೈಲಿನಲ್ಲಿ ವಿಡಿಯೋ ತೋರಿಸಿದೆ. ಅವಳು ಅದನ್ನು ಎರಡು ಸಲ ನೋಡಿದಳು. ಮಗಳ ಕೈಚಳಕಕ್ಕೆ ಮುಖ ಅರಳಿತು. ಆಮೇಲೆ, ಒಂದು ದಿನಕ್ಕೆ ಅದು ಎಷ್ಟು ಆಳಿನ ಕೆಲಸ ಮಾಡುತ್ತದೆ ಎಂದು ಕೇಳಿದಳು. ನಿಮ್ಮ ಗುಂಪು ಪೂರ್ತಿ ಮಾಡುವಷ್ಟು ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವ್ವ ಮೊಬೈಲನ್ನು ನನ್ನ ಕೈಗೆ ಕೊಟ್ಟಳು.

“ಅಂಗಾದ್ರೆ ನಾವೆಲ್ಲ ಏನ್ ಮಾಡದು ಮಗ?”

ಬೇಜಾರಿನಿಂದ ಕೇಳಿದ್ದಲ್ಲ, ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದು. ನನ್ನ ಓದಿಗೆ ಅನ್ನ ಹಾಕಿದ ಕೆಲಸವನ್ನೇ ನನ್ನ ಓದು ಕಿತ್ತುಕೊಳ್ಳುತ್ತದೆ ಎಂಬುದು ಅಲ್ಲಿಯವರೆಗೆ ನನಗೆ ಹೊಳೆದಿರಲಿಲ್ಲ.

ಸೋಮವಾರ ಮೇಡಂ ಮುಂದೆ ನಿಂತು, ಈ ಯಂತ್ರ ನನ್ನಿಂದಾಗದು, ಬೇರೆ ವಿಷಯ ಕೊಡಿ ಅಂದೆ. ಕಾರಣವನ್ನೂ ಹೇಳಿದೆ. ಬೈಗುಳಕ್ಕೆ ಸಿದ್ಧಳಾಗಿದ್ದೆ. ಪ್ರಗತಿ, ದೇಶ, ಆಳಿನ ಕೊರತೆ ಅಂತ ಒಂದು ಭಾಷಣಕ್ಕೂ ಸಿದ್ಧಳಾಗಿದ್ದೆ. ಎರಡೂ ಬರಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತ, ನಿಮ್ಮವ್ವ ನಾಟಿಗೆ ಯಾವತ್ತು ಹೋಗುತ್ತಾರೆ ಎಂದಷ್ಟೇ ಕೇಳಿದರು.

ಭಾನುವಾರ ಮೊದಲ ಬಸ್ಸಿಗೆ ಅರಕಲಗೂಡಿಗೆ ಬಂದು, ಅಲ್ಲಿಂದ ಆಟೋ ಹಿಡಿದು ಹೊಲಕ್ಕೇ ಬಂದರು. ನೋಡಲು ಬಂದಿದ್ದಾರೆ ಅಂತ ಎಲ್ಲರೂ ಅಂದುಕೊಂಡರೆ, ಸೀರೆ ಎತ್ತಿ ಕಟ್ಟಿ, ಮಡಿಲಿಗೆ ಸಸಿ ತುಂಬಿಕೊಂಡು ಸಾಲಿಗೆ ಇಳಿದೇಬಿಟ್ಟರು. ಗೌಡರ ಮನೆ ಹೆಣ್ಣುಮಗಳು ತಮ್ಮ ಪಕ್ಕ ಕೂಲಿ ಸಾಲಿನಲ್ಲಿ ಬಗ್ಗುವುದೆಂದರೇನು ಎಂದು ಗುಂಪಿನವರಿಗೆ ಮೊದಮೊದಲು ಕೈಕಾಲೇ ಆಡಲಿಲ್ಲ. ಊಟದ ಹೊತ್ತಿಗೆ ಮೇಡಂ ಬದುವಿನ ಮೇಲೆ ಅಂಗಾತ ಮಲಗಿಬಿಟ್ಟಿದ್ದರು. ಏಳಲು ಇಬ್ಬರು ಕೈ ಕೊಡಬೇಕಾಯಿತು. ಆಗ ಹೆಂಗಸರು ನಕ್ಕರು. ನಕ್ಕ ಮೇಲೆ ಮಾತು ಸಲೀಸಾಯಿತು. ಒಬ್ಬೊಬ್ಬರೂ ತಮ್ಮ ತಮ್ಮ ನೋವು ಹೇಳಿಕೊಂಡರು, ಮಂಡಿ, ಕೀಲು, ಸೊಂಟ, ರಾತ್ರಿ ನಿದ್ದೆ ಬಾರದ ಕಥೆ. ಯಂತ್ರ ಮಾಡಿದರೆ ಎಂಥದು ಮಾಡಲಿ ಎಂದು ಮೇಡಂ ಕೇಳಿದರು. ಉತ್ತರ ಕೊಟ್ಟವಳು ಅವ್ವ.

“ಕೂಲಿನೂ ಓಗ್ಬಾರ್ದು, ಸೊಂಟನೂ ಓಗ್ಬಾರ್ದು ಅವ್ವಾರೆ. ಅಂತದ್ ಇದ್ರೆ ಮಾಡಿ.”

“ಎರಡೂ ಉಳಿಸೋದೇ ಇಂಜಿನಿಯರಿಂಗು ಕಣಕ್ಕ,” ಅಂದರು ಮೇಡಂ. “ಒಂದು ಉಳಿಸೋದು ಯಾರಿಗಾದ್ರೂ ಬರ್ತದೆ.”

ನನ್ನ ಗುರು ಎಂಥವರು ಎಂದು ನನಗೆ ಗೊತ್ತಾದದ್ದು ಅವತ್ತು.

ಯಂತ್ರ ಬೇಡ ಅನ್ನುವ ಜಾಯಮಾನ ಅವರದಾಗಿರಲಿಲ್ಲ. ಆ ತೋಳು ಮತ್ತು ಕ್ಯಾಮೆರಾವನ್ನು ಇನ್ನೊಬ್ಬ ವಿದ್ಯಾರ್ಥಿಗೆ ಕೊಟ್ಟು, ಔಷಧಿ ಹೊಡೆಯುವ ಗಾಡಿಗೆ ಜೋಡಿಸಲು ಹೇಳಿದರು. ವಿಷ ಕುಡಿಯುವ ಕೆಲಸಕ್ಕೆ ಮನುಷ್ಯರು ಯಾಕೆ ಬೇಕು, ಅಲ್ಲಿಗೆ ಮೊದಲು ಯಂತ್ರ ಹೋಗಲಿ ಎಂಬುದು ಅವರ ವಾದ. ನಾಟಿಗೆ ಮಾತ್ರ ಬೇರೆಯದೇ ದಾರಿ ಹಿಡಿದರು. ಎದೆಮಟ್ಟದ ಒಂದು ತೆಳು ಕೊಳವೆ, ತುದಿಯಲ್ಲಿ ಹಕ್ಕಿ ಕೊಕ್ಕಿನಂಥ ಬಾಯಿ. ನೆಲಕ್ಕೆ ಚುಚ್ಚಿ, ಮೇಲಿನಿಂದ ಸಸಿ ಬಿಟ್ಟು, ಹಿಡಿ ಅದುಮಿದರೆ ಕೊಕ್ಕು ತೆರೆದು ಸಸಿ ಗುಳಿಯಲ್ಲಿ ಕೂರುತ್ತದೆ. ಕಾಲಿನಿಂದ ಮಣ್ಣು ಒತ್ತಿ ಮುಂದೆ ನಡೆದರಾಯಿತು. ಬಗ್ಗುವ ಕೆಲಸವಿಲ್ಲ, ಆದರೆ ನೆಡುವ ಕೈ ಬೇಕೇ ಬೇಕು.

ಅಳತೆಗೆಂದು ಮತ್ತೆ ಕಾಲೋನಿಗೆ ಬಂದರು. ಎಲ್ಲ ಯಂತ್ರಗಳನ್ನೂ ಗಂಡಸಿನ ಎತ್ತರಕ್ಕೆ ಮಾಡಿ ಹೆಂಗಸರ ಕೈಗೆ ಕೊಡುತ್ತಾರೆ ಎಂಬುದು ಅವರ ಹಳೇ ಸಿಟ್ಟು. ಟೇಪು ಹಿಡಿದು ಅವ್ವನ ಮೊಣಕೈ ಎತ್ತರ ಅಳೆಯಲು ಮುಂದೆ ಬಂದಾಗ, ಅವ್ವ ತನಗೇ ಗೊತ್ತಿಲ್ಲದೆ ಒಂದು ಹೆಜ್ಜೆ ಹಿಂದೆ ಸರಿದಳು. ಅದು ಆ ಹೊತ್ತಿನ ನಾಚಿಕೆಯಲ್ಲ, ನಮ್ಮಜ್ಜಿಯ ಕಾಲದಿಂದ ಬಂದ ಅಭ್ಯಾಸ. ಮೇಡಂ “ದೂರ ನಿಂತ್ರೆ ಅಳತೆ ತಪ್ಪೋಯ್ತದೆ ಕಣಕ್ಕ,” ಎಂದು ಅವ್ವನ ಕೈ ಹಿಡಿದು ಹತ್ತಿರಕ್ಕೆ ಎಳೆದುಕೊಂಡರು. ಅಳೆದು ಮುಗಿದ ಮೇಲೆ ನಮ್ಮ ಮನೆಯಲ್ಲೇ ಮುದ್ದೆ ಉಂಡರು. ಇದನ್ನು ದೊಡ್ಡ ಸಂಗತಿ ಅಂತ ಅವರು ಎಲ್ಲೂ ಹೇಳಿಕೊಳ್ಳಲಿಲ್ಲ, ಅದಕ್ಕೇ ನಾನು ಹೇಳುತ್ತಿದ್ದೇನೆ.

ಮೊದಲ ಕೊಳವೆ ಚನ್ನರಾಯಪಟ್ಟಣದ ಹೈವೇ ಪಕ್ಕದ ಒಂದು ವೆಲ್ಡಿಂಗ್ ಅಂಗಡಿಯಲ್ಲಿ ತಯಾರಾಯಿತು. ಸಸಿ ಇಟ್ಟುಕೊಳ್ಳಲು ಪಕ್ಕದಲ್ಲಿ ಒಂದು ಚೆಂದದ ತಟ್ಟೆಯನ್ನೂ ಮೇಡಂ ಜೋಡಿಸಿದ್ದರು. ಅದರ ಮೇಲೆ ಅವರಿಗೆ ತುಂಬ ಮೋಹ. ಹೆಂಗಸರು ತಟ್ಟೆಯ ಕಡೆ ತಿರುಗಿಯೂ ನೋಡಲಿಲ್ಲ. ಎಂದಿನಂತೆ ಸಸಿಗಳನ್ನು ಮಡಿಲಿಗೆ ಸುರಿದುಕೊಂಡರು, ಹೆಜ್ಜೆ ಹೆಜ್ಜೆಗೂ ತಟ್ಟೆಯ ಅಂಚು ಮಡಿಲಿಗೆ ತಗುಲಿ ಸಸಿಗಳ ಸುಳಿ ಮುರಿಯಿತು. ಮೇಡಂ ಸ್ಪ್ಯಾನರ್ ತರಿಸಿ ತಟ್ಟೆಯನ್ನು ತಾವೇ ಬಿಚ್ಚಿದರು. ಹುಟ್ಟಿದಾಗಿಂದ ಸೀರೆ ನೋಡಿಕೊಂಡು ಬೆಳೆದು ಮಡಿಲು ಮರೆತೆನಲ್ಲ ಎಂದು ತಮ್ಮನ್ನು ತಾವೇ ಬೈದುಕೊಂಡು ನಕ್ಕರು. ಆ ತಟ್ಟೆ ಆಮೇಲೆ ಲ್ಯಾಬಿನಲ್ಲಿ ಬಹಳ ಕಾಲ ಕಾಫಿ ಲೋಟ ಇಡಲು ಬಳಕೆಯಾಯಿತು.

ಕಷ್ಟ ಬಂದದ್ದು ಆಮೇಲೆ. ಅನುದಾನದ ಸಮಿತಿಯವರು ಬಂದು, ಆಟೊಮೇಷನ್ ಎಲ್ಲಿ ಎಂದು ಕೇಳಿದರು. ಹೆಂಗಸರ ಕೈಗೆ ಒಂದು ಕೊಳವೆ ಕೊಟ್ಟರೆ ಅದು ಸಂಶೋಧನೆಯಾ ಅಂದರು. ಮೇಡಂ ಸಮಾಧಾನವಾಗಿಯೇ ವಿವರಿಸಿದರು, ಅವರು ಸಮಾಧಾನವಾಗಿಯೇ ಮುಂದಿನ ಕಂತು ನಿಲ್ಲಿಸಿದರು. ವಿಭಾಗದ ಮುಖ್ಯಸ್ಥರ ಹುದ್ದೆ ಮೇಡಂಗೆ ಬರಬೇಕಾದದ್ದು ಇನ್ನೊಬ್ಬರಿಗೆ ಹೋಯಿತು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅವರು ಹೇಳುತ್ತಿದ್ದರು. ನಾನು ಇವತ್ತಿಗೂ ನಂಬಿಲ್ಲ.

ತವರುಮನೆಯವರ ಕೋಪ ಇದಕ್ಕಿಂತ ಹೆಚ್ಚು ಸುಟ್ಟಿತು. ಹಳ್ಳಿಮೈಸೂರಿನಲ್ಲಿ ಅವರ ಅಣ್ಣನದು ದೊಡ್ಡ ಹೊಗೆಸೊಪ್ಪಿನ ಬೇಸಾಯ. ಕೊಳವೆಯ ಸುದ್ದಿ ಕೇಳಿ ಒಂದು ದಿನ ಲ್ಯಾಬಿಗೇ ಬಂದರು. ಕೊಳವೆ ಮಾಡಿಸಿ ತಮ್ಮ ಮನೆಯಲ್ಲಿ ಇಟ್ಟುಕೊಂಡರೆ ಅರ್ಧ ಆಳು ಸಾಕು ಎಂಬುದು ಅವರ ಲೆಕ್ಕ. ಆ ಲೆಕ್ಕ ತಪ್ಪೇನೂ ಅಲ್ಲ, ಅದಕ್ಕೇ ಮೇಡಂಗೆ ಭಯ. ಯಂತ್ರ ಯಾರ ಕೈಯಲ್ಲಿದೆಯೋ ಕೂಲಿಯ ಮಾತು ಅವರ ಬಾಯಲ್ಲಿ ಎಂದು ನನಗೆ ಎಷ್ಟೋ ಸಲ ಹೇಳಿದ್ದರು. ಅಣ್ಣ ಬಂದ ದಿನ ನಾನು ಪಕ್ಕದಲ್ಲೇ ಇದ್ದೆ.

“ನಮ್ಮನೆ ಮಗಳು ಮಾಡಿದ್ದು ನಮ್ಮ ಒಲಕ್ಕೇ ಇಲ್ವೇನಮ್ಮ?” ಅಂದರು ಅಣ್ಣ.

“ಯಾಕ್ ಬರಲ್ಲಣ್ಣ? ಆ ಅಕ್ಕಂದಿರನ್ನ ನಾಟಿಗೆ ಕರಿ, ಕೊಳವೆ ಅವರ ಜತೆ ಬರ್ತದೆ. ಬರೀ ಕೊಳವೆ ಬರಲ್ಲ.”

“ಕೊಂಡ್ಕತೀನಿ ಅಂದ್ರೂ?”

“ಕೊಂಡ್ಕತೀನಿ ಅಂದ್ರೆ ಮೊದ್ಲೇ ಬರಲ್ಲ.”

ಅಣ್ಣ ಎದ್ದು ಹೋದರು. ಆ ವರ್ಷ ಗೌರಿ ಹಬ್ಬಕ್ಕೆ ತವರಿನಿಂದ ಬಾಗಿನ ಬರಲಿಲ್ಲ. ಬೋಲ್ಟು ಬಿಗಿ ಮಾಡುತ್ತ ಮಾಡುತ್ತ ಇದನ್ನು ನನಗೆ ಹೇಳಿದರು, ಹೇಳುವಾಗ ತಲೆ ಎತ್ತಲಿಲ್ಲ. ದಿಟ್ಟೆ ಅಂತ ನಾವು ಕೊಂಡಾಡುವ ಹೆಂಗಸು ಹಬ್ಬದ ದಿನ ಇಡೀ ಬಾಗಿಲ ಕಡೆ ನೋಡುತ್ತ ಕೂತಿದ್ದಳೆಂದು ತಿಳಿದಾಗ ನನಗೆ ಅಳು ಬಂತು.

ಮೊದಲ ಕೊಳವೆಗಳನ್ನು ಅವ್ವನ ಗುಂಪಿಗೇ ಕೊಟ್ಟರು. ಬಾಡಿಗೆ ಬೇಡ, ಮುಯ್ಯಿ ಕೊಡಿ ಅಂದರು. ಮುಯ್ಯಿ ಏನೆಂದರೆ, ನೀವು ಕಲಿತ ಮೇಲೆ ಇನ್ನೊಂದು ಊರಿನ ಹೆಣ್ಣಾಳುಗಳ ಜತೆ ಒಂದು ದಿನ ನಿಂತು ಅವರಿಗೆ ಕಲಿಸಬೇಕು. ಅವರು ಮತ್ತೊಂದು ಊರಿಗೆ. ಅವ್ವನ ಗುಂಪು ದಿನಗೂಲಿ ಬಿಟ್ಟು ಎಕರೆ ಲೆಕ್ಕದಲ್ಲಿ ನಾಟಿ ಒಪ್ಪಿಕೊಳ್ಳತೊಡಗಿತು. ಬೇಗ ಮುಗಿಯುತ್ತಿತ್ತು, ಮತ್ತೊಂದು ಹೊಲ ಸಿಗುತ್ತಿತ್ತು. ಮುಯ್ಯಿ ರಾಮನಾಥಪುರ ದಾಟಿ, ಹೊಳೆನರಸೀಪುರ ಮುಟ್ಟಿ, ಕೊನೆಗೆ ಹಳ್ಳಿಮೈಸೂರಿಗೂ ಬಂತು. ಅಕ್ಕಪಕ್ಕದ ಹೊಲಗಳಲ್ಲಿ ನಾಟಿ ಮುಗಿದು ತಮ್ಮದು ಮಾತ್ರ ಉಳಿದಾಗ ಅಣ್ಣನವರೇ ಅವ್ವನಿಗೆ ಫೋನ್ ಮಾಡಿಸಿದರು. ಮುಂದಿನ ಗೌರಿ ಹಬ್ಬಕ್ಕೆ ಬಾಗಿನ ಬಂತು. ಮೊರ ಎಂದಿಗಿಂತ ದೊಡ್ಡದಿತ್ತಂತೆ, ಅಳೆದಿದ್ದೇನೆ ಅಂದರು ಮೇಡಂ.

ನಿವೃತ್ತಿಯಾದ ಮೇಲೆ ಅವರು ಹೆಚ್ಚು ದಿನ ಇರಲಿಲ್ಲ. ಹೋದ ವರ್ಷ ಒಂದು ಬೆಳಿಗ್ಗೆ ಎದೆ ಹಿಡಿದುಕೊಂಡು ಕೂತವರು ಆಸ್ಪತ್ರೆ ಸೇರುವ ಮೊದಲೇ ಹೋಗಿಬಿಟ್ಟರು. ನಾನು ಆ ಹೊತ್ತಿಗೆ ಅದೇ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದೆ. ತಾಯಿ ಇರುವಾಗಲೇ ತಾಯಿ ಸತ್ತ ಹಾಗಾಯಿತು ನನಗೆ.

ಕಾಲೇಜಿನಲ್ಲಿ ಸಂತಾಪ ಸಭೆ ನಡೆಯಿತು. ಅವರು ಬರೆದ ಪ್ರಬಂಧಗಳನ್ನು, ಪಡೆದ ಬಹುಮಾನಗಳನ್ನು ಒಬ್ಬೊಬ್ಬರಾಗಿ ಹೇಳಿದರು. ನಾನೂ ಎದ್ದು ಏನೋ ಹೇಳಿದೆ, ಅರ್ಧಕ್ಕೇ ನಿಲ್ಲಿಸಿ ಕೂತೆ. ಇನ್ನು ಯಾರಾದರೂ ಮಾತಾಡುವವರಿದ್ದೀರಾ ಎಂದು ಕೇಳಿದಾಗ, ಹಿಂದಿನ ಸಾಲಿನಿಂದ ಅವ್ವ ಎದ್ದಳು. ಗುಂಪಿನವರ ಜತೆ ಅರಕಲಗೂಡಿನ ಬಸ್ಸಿಗೆ ಬಂದಿದ್ದಳು. ಮೈಕಿನ ಮುಂದೆ ನಿಲ್ಲುವುದು ಅವಳಿಗೆ ಅದೇ ಮೊದಲು.

“ನಂಗೆ ಮಾತಾಡಕ್ ಬರಲ್ಲ ಸಾ,” ಅಂದಳು. “ನಮ್ಮವ್ವ ನನ್ ವಯಸ್ಗೆಲ್ಲ ಬಗ್ಗೋಗಿದ್ಲು. ಎದ್ರಿಗ್ ಬಂದೋರ್ ಮುಕ ನೋಡ್ಬೇಕಾದ್ರೂ ಕತ್ತು ವಾರೆ ಮಾಡ್ಬೇಕಿತ್ತು. ಸಾಯೋಗಂಟ ನೆಲನೇ ನೋಡ್ಕಂಡಿದ್ಲು. ನಾನು ಇವತ್ಗೂ ನಾಟಿಗೆ ಓಯ್ತೀನಿ. ನಾಳಿಕೂ ಕರ್ದವ್ರೆ. ನಿಮ್ಮೆಲ್ಲಾರ್ ಮುಕ ನೋಡ್ಕಂಡು ಮಾತಾಡ್ತಾ ಇವ್ನಿ.”

ಅಷ್ಟು ಹೇಳಿ ಮೈಕಿಗೆ ಕೈ ಮುಗಿದು ಇಳಿದಳು. ಸಾಲುಗಳ ನಡುವೆ ಅವಳು ನೆಟ್ಟಗೆ ನಡೆದು ತನ್ನ ಜಾಗಕ್ಕೆ ಹೋಗುವವರೆಗೂ ಇಡೀ ಸಭೆ ಅವಳನ್ನೇ ನೋಡುತ್ತಿತ್ತು.