ಮಾವನವರ ಸ್ನಾನದ ಹೊತ್ತು

ಮೊದಲ ಸಲ ಆ ಸದ್ದು ಕೇಳಿದಾಗ ಅತ್ತೆ ಬಟ್ಟೆ ಒಗೆಯುತ್ತಿದ್ದಾರೆ ಅಂದುಕೊಂಡೆ. ಒದ್ದೆ ಬಟ್ಟೆಯನ್ನು ಕಲ್ಲಿಗೆ ಅಪ್ಪಳಿಸಿದ ಹಾಗೆ ಚಟ್, ಚಟ್ ಎಂದು ಎರಡು ಸಲ, ಆಮೇಲೆ ಸ್ವಲ್ಪ ಬಿಡುವು, ಮತ್ತೆ ಚಟ್. ಆದರೆ ಒಗೆಯುವ ಬಟ್ಟೆಯೆಲ್ಲ ನನ್ನ ಮುಂದೆಯೇ ಬಕೆಟ್ಟಿನಲ್ಲಿ ನೆನೆಯುತ್ತಿತ್ತು. ಬಚ್ಚಲಿನಲ್ಲಿ ಅತ್ತೆ ಮಾವನಿಗೆ ಸ್ನಾನ ಮಾಡಿಸುತ್ತಿದ್ದರು, ಬೇರೆ ಯಾರೂ ಇರಲಿಲ್ಲ.

ಬಾಗಿಲು ತಳ್ಳಿದೆ. ಮಾವ ಪ್ಲಾಸ್ಟಿಕ್ ಕುರ್ಚಿಯಲ್ಲಿ ಬಲಕ್ಕೆ ವಾಲಿಕೊಂಡು ಕೂತಿದ್ದರು. ಮೈಮೇಲೆ ಬಟ್ಟೆ ಇರಲಿಲ್ಲ. ಅತ್ತೆ ಅಂಗೈ ಅಗಲ ಮಾಡಿ ಅವರ ಒದ್ದೆ ಬೆನ್ನಿಗೆ ಬಡಿಯುತ್ತಿದ್ದರು. ಬೆರಳುಗಳ ಗುರುತು ಕೆಂಪಗೆ ಎದ್ದಿತ್ತು. ಅದರ ಪಕ್ಕದಲ್ಲೇ ಹಳೆಯವು, ನೀಲಿಯವು, ಹಳದಿಗೆ ತಿರುಗಿದವು.

ಹೊಡೆತ ಬೀಳುವಾಗ ಮಾವ ಕದಲಿರಲಿಲ್ಲ. ನನ್ನನ್ನು ಕಂಡ ಕೂಡಲೇ ಅವರ ಎಡಗೈ ತಡಬಡಿಸಿ ತೊಡೆಯ ನಡುವೆ ಹೋಯಿತು, ಮುಖ ಗೋಡೆಗೆ ತಿರುಗಿತು. ಗಂಟಲಿನಿಂದ ಹಗ್ಗ ಬಿಗಿದ ಕರುವಿನಂಥ ಒಂದು ದನಿ ಬಂತು.

"ಬಾಗ್ಲು ಹಾಕೇ, ನಾಚಿಕೆಗೆಟ್ಟೋಳೆ" ಅಂದರು ಅತ್ತೆ.

ಹಾಕಿದೆ.

ನಾನು ಗೌರಿಬಿದನೂರಿನ ಕಡೆಯವಳು. ಶಿಡ್ಲಘಟ್ಟದ ಹತ್ತಿರದ ಈ ಹಳ್ಳಿಗೆ ಸೊಸೆಯಾಗಿ ಬಂದು ಇಪ್ಪತ್ತೆರಡು ವರ್ಷವಾಯಿತು. ಸಂಜೆ ದೇವರ ದೀಪ ಹಚ್ಚುವಾಗ ಆ ದಿನ ದೇವರು ನನಗೆ ಏನೇನು ಕೊಟ್ಟ ಎಂದು ಅವನ ಮುಂದೆಯೇ ಹೇಳುವುದು ನನ್ನ ರೂಢಿ. ಹಾಲು ಒಡೆಯಲಿಲ್ಲ, ಕರೆಂಟು ಹೋಗಲಿಲ್ಲ, ಮಗಳು ಹಾಸ್ಟೆಲಿನಿಂದ ಫೋನ್ ಮಾಡಿದಳು, ಇಂಥವು. ದೊಡ್ಡದು ಕೇಳಿ ನನಗೆ ಅಭ್ಯಾಸವಿಲ್ಲ.

ಮದುವೆಯಾದ ಮೊದಲ ವರ್ಷದ ಒಂದು ಸಂಜೆ ನಾನು ಎಣಿಸಿದ್ದನ್ನು ಇಲ್ಲಿ ಹೇಳಲೇಬೇಕು. ರೇಷ್ಮೆಹುಳು ನಾಲ್ಕನೇ ಜ್ವರ ಕಳೆದು, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದರೆ ಎಷ್ಟು ಸೊಪ್ಪು ಹಾಕಿದರೂ ಸಾಲುವುದಿಲ್ಲ. ಆ ದಿನ ಅತ್ತೆ ಬೆಳಗಿನಿಂದ ಹುಳುವಿನ ಮನೆಯಲ್ಲೇ ಇದ್ದರು, ಅಡುಗೆ ತಡವಾಯಿತು. ಮಾವ ತೋಟದಿಂದ ಬಂದವರು ತಟ್ಟೆ ಖಾಲಿ ಇರುವುದನ್ನು ನೋಡಿ ಒಳಗೆ ನುಗ್ಗಿದರು. ಅತ್ತೆ ಮುದ್ದೆ ತಿರುವುತ್ತಿದ್ದರು. ಅವರ ಕೈಯಿಂದ ಮುದ್ದೆಕೋಲು ಕಿತ್ತುಕೊಂಡು, ಪಾತ್ರೆ ಹಿಡಿದಿದ್ದ ಎಡಗೈ ಮೇಲೆ ಬಡಿದರು. ಕೈ ಹಿಂದೆ ಎಳೆದುಕೊಂಡಾಗ ಜುಟ್ಟು ಹಿಡಿದು ಕೈಯನ್ನು ನೆಲಕ್ಕೆ ಒತ್ತಿಸಿ ಮತ್ತೆ ಬಡಿದರು. ಕಡ್ಡಿ ಮುರಿದಂಥ ಸದ್ದು ನನಗೆ ಕೇಳಿಸಿತು. ನಾನು ರಾಗಿ ಡಬ್ಬದ ಹಿಂದೆ ನಿಂತಿದ್ದೆ. ಅತ್ತೆ ಎದ್ದು, ಒಂದೇ ಕೈಯಲ್ಲಿ ಮುದ್ದೆ ಕಟ್ಟಿ ಬಡಿಸಿದರು. ಮಾವ ಉಂಡರು. ಆ ಎಡಗೈಯ ಎರಡು ಬೆರಳು ಇವತ್ತಿಗೂ ಮಡಚುವುದಿಲ್ಲ.

ಆ ಸಂಜೆ ದೀಪದ ಮುಂದೆ ನಾನು ಹೇಳಿದ್ದು ಇಷ್ಟು: ಮಾವ ಸೊಸೆಯ ಮೇಲೆ ಕೈ ಎತ್ತುವವರಲ್ಲ, ಅದು ನಿನ್ನ ದಯೆ.

ಎರಡು ವರ್ಷದ ಹಿಂದೆ ಮಾವ ಹಿಪ್ಪುನೇರಳೆ ತೋಟದಲ್ಲಿ ಬಿದ್ದರು. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಪ್ರಾಣ ಉಳಿಯಿತು. ಬಲಭಾಗ ಹೋಯಿತು, ಮಾತು ಹೋಯಿತು. ಮಲಗಿದಲ್ಲೇ ಮಲಗಿದರೆ ಬೆನ್ನು ಹುಣ್ಣಾಗುತ್ತದೆ, ದಿನಾ ಎಬ್ಬಿಸಿ ಸ್ನಾನ ಮಾಡಿಸಿ ಎಂದು ಡಾಕ್ಟರು ಹೇಳಿದರು. ಅತ್ತೆ ಒಂದು ದಿನವೂ ತಪ್ಪಿಸಲಿಲ್ಲ. ಊರಿನ ಹೆಂಗಸರು ಹೊಸ ಮದುವಣಗಿತ್ತಿಯರನ್ನು ಕರೆದುಕೊಂಡು ಬಂದು, "ಇಂಥೋರ ಕೈಲಿ ಕುಂಕುಮ ಇಡಿಸ್ಕೋಬೇಕಮ್ಮ, ಗಂಡನ್ನ ಮಗೂ ಥರ ನೋಡ್ಕೊಳ್ತಾರೆ" ಅನ್ನುತ್ತಿದ್ದರು. ಅತ್ತೆ ಸುಮ್ಮನೆ ಕುಂಕುಮ ಇಡುತ್ತಿದ್ದರು.

ಬಚ್ಚಲಿನಲ್ಲಿ ಕಂಡ ಮಾರನೇ ದಿನ ಅತ್ತೆ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಎದುರಿಗೆ ಕೂತೆ.

"ಅತ್ತೆ, ಹೊಡೀಬೇಡಿ."

"ಯಾರು ಹೊಡೆದ್ರು?"

"ನಾನು ನೋಡ್ದೆ."

"ನೋಡೋದ್ರಲ್ಲಿ ನೀನು ಗಟ್ಟಿಗಿತ್ತಿ ಕಣಮ್ಮ. ಅವತ್ತೂ ನೋಡ್ದೆ, ಇವತ್ತೂ ನೋಡ್ದೆ. ಅವತ್ತು ಯಾಕೆ ಬೇಡಿ ಅನ್ಲಿಲ್ಲ?"

ನಾನೂ ಒಂದು ಕಾಯಿ ಕೈಗೆತ್ತಿಕೊಂಡೆ. "ಅವ್ರಿಗೆ ಮಾತಿಲ್ಲ, ಕೈಕಾಲು ಆಡಲ್ಲ" ಅಂದೆ.

"ನಂಗೆ ಆಡ್ತಿತ್ತಾ? ಕಾಲಿದ್ರೆ ಎಲ್ಲಿಗೆ ಓಡೋದು, ಚಿಂತಾಮಣಿಗೆ ತೌರಿಗಾ? ನಮ್ಮಪ್ಪ ಎರಡು ಸಲ ಬಸ್ ಹತ್ಸಿ ವಾಪಸ್ ಕಳಿಸ್ದ. ಎರಡನೇ ಸಲ ಕಂಡಕ್ಟರ್ ನನ್ನ ಮುಖ ನೋಡಿ ಟಿಕೆಟ್ಟೇ ಕೇಳ್ಲಿಲ್ಲ, ಅಂಗಿತ್ತು ಮುಖ." ಕಾಯಿಯ ಸಿಪ್ಪೆಯನ್ನು ನನ್ನ ಕಾಲ ಬಳಿ ಎಸೆದರು. "ದಿನಾ ಒಂದು ಗಂಟೆ ಅವ್ರು ನನ್ನ ಕೈಲಿರ್ತಾರೆ. ಉಳಿದಿದ್ದೆಲ್ಲ ನಾನೇ ಮಾಡ್ತಿಲ್ವಾ? ಹೇಲು ಉಚ್ಚೆ ಬಾಚ್ತಿಲ್ವಾ? ಆ ಒಂದು ಗಂಟೆ ನಂಗೆ ಬಿಡು."

ಬಿಡಲು ನನಗೆ ಆಗಲಿಲ್ಲ. ಗಂಡನಿಗೆ ಹೇಳಿದೆ. ಅವರು ನನ್ನ ಮಾತು ಸುಳ್ಳು ಅನ್ನಲೂ ಇಲ್ಲ, ಬೆಚ್ಚಿ ಬೀಳಲೂ ಇಲ್ಲ. "ನಾನು ಮಾಡಿಸ್ತೀನಿ ಸ್ನಾನ" ಅಂದರು.

ನಾಲ್ಕು ದಿನ ಮಾಡಿಸಿದರು. ಐದನೇ ದಿನ ಮಾವನಿಗೆ ಪಂಚೆ ಸುತ್ತಿ ಮಂಚಕ್ಕೆ ಹಾಕಿ ಬಂದು ಹಿತ್ತಲ ಮೆಟ್ಟಿಲ ಮೇಲೆ ಕುಸಿದರು.

"ಏನಾಯ್ತು?"

"ನೀರು ಬಿಸಿ ಜಾಸ್ತಿ ಆಯ್ತೇನೋ, ಎಡಗೈಲಿ ನನ್ನ ಎದೆಗೆ ಗುದ್ದಿದ್ರು. ಅದೇ ಗುದ್ದು ಕಣೇ. ನಾನು ಆರನೇ ಕ್ಲಾಸಲ್ಲಿದ್ದಾಗ ಬಾವಿ ಕಟ್ಟೆ ಹತ್ರ ಬಿತ್ತಲ್ಲ, ಅದೇ. ನಾನು ಕತ್ತು ಹಿಡ್ಕೊಂಡುಬಿಟ್ಟಿದ್ದೆ."

"ಯಾರ ಕತ್ತು?"

"ಇನ್ಯಾರ್ದು? ಅಪ್ಪಂದು. ಅಪ್ಪ ಕಣ್ಣು ಮುಚ್ಕೊಂಡ್ರು, ಅಮುಕು ಅನ್ನೋ ಹಂಗೆ." ಅವರು ಅಂಗೈಗಳನ್ನು ತೊಡೆಗೆ ಉಜ್ಜಿಕೊಂಡರು. "ನನ್ನ ಒಳಗೆ ಕಳಿಸ್ಬೇಡ. ಇನ್ನೊಂದು ಸಲ ಬಿಡಲ್ಲ ನಾನು."

ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ನನ್ನ ಮೇಲೆ ಒಮ್ಮೆಯೂ ಕೈ ಮಾಡಿಲ್ಲ. ಅದು ಅವರ ಹುಟ್ಟುಗುಣ ಎಂದುಕೊಂಡು ಎಷ್ಟೋ ಸಂಜೆ ದೇವರಿಗೆ ಕೃತಜ್ಞತೆ ಹೇಳಿದ್ದೇನೆ. ಅದಕ್ಕೆ ಅವರು ಪ್ರತಿದಿನ ಎಷ್ಟು ಕಷ್ಟಪಡುತ್ತಿದ್ದರೆಂದು ಆ ಮೆಟ್ಟಿಲ ಮೇಲೆ ಗೊತ್ತಾಯಿತು.

ಮಾರನೇ ದಿನ ನಾನೇ ಹೋದೆ. ಸೊಸೆ ಮಾವನ ಎದುರು ಕೂರದ ಮನೆ ನಮ್ಮದು. ಅವರು ಜಗಲಿಯಲ್ಲಿದ್ದರೆ ನಾನು ಹಿತ್ತಲಿನಿಂದ ಓಡಾಡಿದವಳು. ಆದರೂ ಕಾಯಿಲೆಯ ಮೈಗೆ ಏನು ನಾಚಿಕೆ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಸೊಂಟಕ್ಕೆ ಪಂಚೆ ಬಿಗಿದೇ ಇತ್ತು, ಅದರ ಮೇಲೆಯೇ ನೀರು ಹಾಕೋಣ ಎಂದುಕೊಂಡೆ. "ಮಾವ, ನಾನು ನಿಮ್ಮ ಮಗಳು ಅಂದ್ಕೊಳ್ಳಿ" ಅಂದೆ. ಅವರು ತಲೆ ಅಲ್ಲಾಡಿಸುತ್ತಲೇ ಇದ್ದರು. ನೀರು ಬಿದ್ದು ಪಂಚೆ ಮೈಗೆ ಅಂಟಿತು. ಅದನ್ನು ಬಿಡಿಸಲು ನಾನು ಕೈ ಚಾಚಿದ್ದೇ ತಡ, ಎಡಗೈ ಬೀಸಿದರು. ಅದು ನನ್ನ ಇನ್ನೊಂದು ಕೈಯಲ್ಲಿದ್ದ ಹಿತ್ತಾಳೆ ಚೊಂಬಿಗೆ ತಾಗಿ, ಚೊಂಬಿನ ಅಂಚು ನನ್ನ ಬಾಯಿಗೆ ಬಡಿಯಿತು. ತುಟಿ ಸೀಳಿತು. ಮುಂದಿನ ಹಲ್ಲು ನಾಲಿಗೆಗೆ ಅಲ್ಲಾಡಿತು. ಕೆಳಗೆ ಹರಿಯುವ ನೀರು ಕೆಂಪಾಯಿತು.

ಆಗ ದೇವರ ಹೆಸರು ಹೇಳಿದೆ ಅಂದರೆ ಸುಳ್ಳು ಬರೆದ ಹಾಗಾಗುತ್ತದೆ. ಚೊಂಬು ಎತ್ತಿ ಅವರ ಮೊಣಕಾಲಿಗೆ ಬಡಿದೆ. ಒಂದೇ ಸಲ, ಆದರೆ ಇದ್ದ ಬಲವನ್ನೆಲ್ಲ ಹಾಕಿ. ಮೂಳೆಗೆ ಹಿತ್ತಾಳೆ ತಾಗಿದ ಅದುರು ನನ್ನ ಮೊಣಕೈವರೆಗೂ ಬಂತು. ಇನ್ನೊಂದು ಸಲವೂ ಎತ್ತಿದ್ದೆ. ಮೇಲೆ ಹೋದ ಕೈಯನ್ನು ಯಾರೋ ಹಿಡಿದರು.

ಹಿಂದೆ ಅತ್ತೆ ನಿಂತಿದ್ದರು.

"ನೀನು ಬೇಡ" ಅಂದರು. "ನಂಗೆ ಕಾರಣ ಇದೆ. ನಿಂಗೇನು ಮಾಡಿದಾನೆ ಅವ್ನು?"

ಗಂಡನನ್ನು ಅವರು ಏಕವಚನದಲ್ಲಿ ಅಂದದ್ದನ್ನು ಅದುವರೆಗೆ ನಾನು ಕೇಳಿರಲಿಲ್ಲ. "ನೋಡಿ, ಬಾಯಿ ಒಡೆದ್ರು" ಅಂದೆ. ಮಾತಿನ ಜೊತೆ ರಕ್ತ ಸಿಡಿಯಿತು.

"ಮಾನ ಮುಚ್ಕೊಳ್ಳೋಕೆ ಹೊಡೆದ ಕಣೇ. ನನ್ನ ಯಾವತ್ತೂ ಅದಕ್ಕೆ ಹೊಡೀಲಿಲ್ಲ. ಎರಡೂ ಒಂದೇನಾ?"

ಮಾವ ಅಳುತ್ತಿದ್ದರು. ಎಡಗೈ ಗಾಳಿಯಲ್ಲಿ ಹುಡುಕಾಡಿ ಅತ್ತೆಯ ಸೆರಗಿನ ತುದಿಯನ್ನು ಹಿಡಿಯಿತು. ಹಿಡಿದು ಎಳೆಯಿತು, ಹತ್ತಿರ ಬಾ ಎಂದು. ಬೆನ್ನ ತುಂಬ ಆ ಹೆಂಗಸಿನ ಬೆರಳ ಗುರುತು ಇತ್ತು. ಹೊಡೆತ ತಿಂದರೂ ಸರಿ, ಅವಳೇ ಇರಲಿ, ನೀನು ಹೊರಗೆ ಹೋಗು ಎನ್ನುತ್ತಿದ್ದರು ಅವರು. ಎರಡು ವರ್ಷದಲ್ಲಿ ಅವರು ಇಷ್ಟು ಸ್ಪಷ್ಟವಾಗಿ ಏನನ್ನೂ ಹೇಳಿರಲಿಲ್ಲ.

ನಾನು ಹೊರಗೆ ಬಂದೆ.

ಶಿಡ್ಲಘಟ್ಟದ ಹಲ್ಲಿನ ಡಾಕ್ಟರಿಗೆ ಬಚ್ಚಲಲ್ಲಿ ಜಾರಿದೆ ಅಂದೆ. ಹಲ್ಲು ಉಳಿಯಿತು. ಮಾವನ ಮೊಣಕಾಲು ಊದಿಕೊಂಡು ಒಂದು ವಾರ ಕಪ್ಪಗಿತ್ತು. ಬಟ್ಟೆ ಬದಲಿಸುವಾಗ ಗಂಡ ಅದನ್ನು ನೋಡಿ ಕೇಳಿದರು. "ಇದು ನಂದು" ಅಂದೆ. ಅವರು ಅರಿಸಿನ ಅರೆದು ಪಟ್ಟು ಹಾಕಿದರು. ಕೈವಾರದ ದೇವಸ್ಥಾನಕ್ಕೆ ಹೋಗಿ ಕೈಮುಗಿದು ಬಂದೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ, ನಾನು ಹೊಡೆದದ್ದು ಅಲ್ಲಿರುವವನಿಗಲ್ಲ, ಮನೆಯಲ್ಲಿರುವವರಿಗೆ ಎಂದು ಹೊಳೆಯಿತು.

ನನ್ನ ತುಟಿಯ ಹೊಲಿಗೆ ಬಿಚ್ಚಿದ ದಿನ ಅತ್ತೆ, "ಹಳೇ ಸೀರೆ ಒಂದು ಕೊಡು" ಅಂದರು. ಅದನ್ನು ಬಚ್ಚಲಿಗೆ ಅಡ್ಡ ಕಟ್ಟಿ, ಎದೆಮಟ್ಟಕ್ಕೆ ಕತ್ತರಿಯಿಂದ ಒಂದು ಸೀಳು ಮಾಡಿದರು.

"ನೀನು ಆಚೆ ನಿಂತ್ಕೊಂಡು ಇದ್ರಲ್ಲಿ ಕೈ ತೂರಿಸಿ ನೀರು ಹಾಕು. ನಾನು ಎರಡು ಕೈಲೂ ಅವ್ರನ್ನ ಹಿಡ್ಕೋತೀನಿ. ಕೈ ಖಾಲಿ ಇದ್ರೆ ತಾನೇ ಏಳೋದು."

ಅಂದಿನಿಂದ ಹೀಗೇ. ನನಗೆ ಸೀರೆಯ ಹೂವು ಬಿಟ್ಟರೆ ಏನೂ ಕಾಣುವುದಿಲ್ಲ. "ಎಡಕ್ಕೆ. ಇನ್ನೂ ಎಡಕ್ಕೆ. ಅಯ್ಯೋ ದೇವುಡಾ, ನಂಗೇ ಸ್ನಾನ ಮಾಡಿಸ್ತೀಯೇನೇ?" ಎಂದು ಅತ್ತೆ ಬಯ್ಯುತ್ತಾರೆ. ಮೊದಲ ದಿನವೇ ನಾನು ಸೀರೆಗೆ ಮುಖ ತಾಗಿಸಿ, "ಮಾವ, ಅವತ್ತು ಹೊಡೆದೆ. ತಪ್ಪಾಯ್ತು" ಅಂದೆ. ಅತ್ತೆ, "ಕೇಳಿಸ್ತು ಅವ್ರಿಗೆ. ನೀರು ಹಾಕು" ಅಂದರು.

ಹೊಡೆತ ಪೂರ್ತಿ ನಿಂತಿತೆಂದು ನಾನು ಹೇಳಲಾರೆ. ಮಂಚದ ಹತ್ತಿರ ಎರಡು ಸಲ ಆ ಸದ್ದು ಕೇಳಿದ್ದೇನೆ. ಎರಡು ಸಲವೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿದ್ದೇನೆ, ಈ ಸಲ ರಾಗಿ ಡಬ್ಬದ ಹಿಂದೆ ನಿಲ್ಲಲಿಲ್ಲ. ಬಚ್ಚಲಿನಲ್ಲಿ ಮಾತ್ರ ಅತ್ತೆಗೆ ಈಗ ಬಾಯಿ ಬಂದಿದೆ. ಮೈ ಉಜ್ಜುತ್ತಾ ಒಂದೊಂದನ್ನೇ ಹೇಳುತ್ತಾರೆ. ಹೊಟ್ಟೆಯಲ್ಲಿ ಮಗು ಇದ್ದಾಗ ಒದ್ದದ್ದು, ಆ ಮಗು ನಿಲ್ಲದೆ ಹೋದದ್ದು. ಹುಳುವಿನ ತಟ್ಟೆ ತಲೆಗೆ ಬಡಿದು ಬಿದಿರ ಸಿಬಿರು ನೆತ್ತಿಯಲ್ಲಿ ಮುರಿದುಕೊಂಡದ್ದು. "ನೆನಪಿದೆಯಾ? ತಲೆ ಆಡಿಸಿ. ಆಡಿಸಿ ಅಂದೆ." ಅವರು ಆಡಿಸುತ್ತಾರೋ ಇಲ್ಲವೋ ನನಗೆ ಕಾಣದು. ಕೇಳಿಸಿಕೊಳ್ಳುವುದು ಅವರ ಪಾಲು, ನನ್ನ ಪಾಲೂ ಹೌದು. ನೀರು ಹಾಕುತ್ತಾ ನಿಂತಿರುತ್ತೇನೆ.

ಈ ಬೆಳಿಗ್ಗೆ ಹೇಳುತ್ತಾ ಹೇಳುತ್ತಾ ಅತ್ತೆಯ ಮಾತು ಅರ್ಧಕ್ಕೇ ನಿಂತಿತು. ಒಳಗೆ ಸದ್ದಿಲ್ಲ. ಸೀರೆ ಸರಿಸಲೇ ಬೇಡವೇ ಎಂದು ತುದಿ ಹಿಡಿದೆ.

"ಅತ್ತೆ? ಏನು ಮಾಡ್ತಿದೀರಾ?"

"ನೀರು ಹಾಕ್ಬೇಡ, ತಡಿ."

"ಯಾಕೆ? ಏನಾಯ್ತು?"

"ಏನೂ ಇಲ್ವೇ. ಸೋಪು ಕಣ್ಣಿಗೆ ಹೋಗಿದೆ ಅವ್ರಿಗೆ. ಒರೆಸ್ತಿದೀನಿ."

ಹಿಡಿದ ತುದಿ ಬಿಟ್ಟೆ. ಅತ್ತೆ ಬಹಳ ಹೊತ್ತು ತೆಗೆದುಕೊಂಡರು. ಚೊಂಬಿನ ನೀರು ಆರಿತು. ಚೆಲ್ಲಿ ಹಂಡೆಯಿಂದ ಬೇರೆ ತುಂಬಿಕೊಂಡು, ಅವರು ಹೇಳುವವರೆಗೂ ಕಾದೆ.