ಒಂದು ಗಂಡಿನ ಮನೆಗೆ, ಒಂದು ಹೆಣ್ಣಿನ ಮನೆಗೆ

ನಡುವಿನಿಂದ ಅಂಚಿಗೆ. ಮತ್ತೆ ನಡುವಿನಿಂದ ಅಂಚಿಗೆ. ಹಳೆಯ ಹತ್ತಿ ಸೀರೆಯ ಚೂರು ಸುತ್ತಿದ ಹೆಬ್ಬೆರಳು ಸಿ.ಡಿ.ಯ ಮೇಲೆ ನೇರ ಗೆರೆ ಎಳೆಯುತ್ತಿದೆ. ಬಟ್ಟೆಗೆ ಕೆಂಪು ಹತ್ತುತ್ತಿದೆ. ಅನ್ವರಿ ಸಿ.ಡಿ.ಯನ್ನು ಬಲ್ಬಿಗೆ ಹಿಡಿದು, ಓರೆ ಮಾಡಿ ನೋಡಿ, ಬಾಯಿಂದ ಆವಿ ಬಿಟ್ಟು ಇನ್ನೊಮ್ಮೆ ಒರೆಸುತ್ತಾರೆ. ಆಮೇಲೆ ಕಂಪ್ಯೂಟರಿನೊಳಗೆ ತಳ್ಳುತ್ತಾರೆ. ಪರದೆಯ ಮೇಲೆ ನೀಲಿ ಪಟ್ಟಿ ಹರಿಯುತ್ತದೆ: ಹತ್ತು, ಇಪ್ಪತ್ತು, ನಲವತ್ತು. ಅರವತ್ತೊಂದಕ್ಕೆ ನಿಲ್ಲುತ್ತದೆ. ನಿನ್ನೆಯೂ ಅಲ್ಲೇ ನಿಂತಿತ್ತು, ಮೊನ್ನೆಯೂ.

ಗೋಡೆಯ ಗಡಿಯಾರದಲ್ಲಿ ಐದೂಕಾಲು. "ಏಳರ ತನಕಾ ಟೈಮ್ ಐತಿ," ಎಂದು ಅವರು ಸಿ.ಡಿ.ಯನ್ನು ಹೊರಗೆಳೆಯುತ್ತಾರೆ.

ಏಳಕ್ಕೆ ಶಹಾಪುರದ ಈ ಓಣಿಯಲ್ಲಿ ವಿದ್ಯುತ್ ಮಗ್ಗಗಳು ಶುರುವಾಗುತ್ತವೆ. ಎಡಬದಿಗೆ ಆರು, ಬಲಬದಿಗೆ ಹತ್ತು. ಬಲ್ಬುಗಳು ಒಮ್ಮೆಲೇ ಮಂಕಾಗುತ್ತವೆ. ಸಿ.ಡಿ. ಬರೆಯುವಾಗ ಕರೆಂಟು ಅಷ್ಟು ಕುಸಿದರೂ ಬರೆದದ್ದೆಲ್ಲ ಹಾಳು. ಅದಕ್ಕೇ ಅನ್ವರಿ ಅವರ ಕೆಲಸದ ದಿನ ಬೆಳಗಿನ ನಾಲ್ಕೂವರೆಗೆ ಹುಟ್ಟಿ ಏಳಕ್ಕೆ ಮುಗಿಯುತ್ತದೆ. ಅಷ್ಟರೊಳಗೆ ಎಂಟು ಸಿ.ಡಿ. "ಅರ್ಧಕ್ಕ ಕೆಟ್ಟದ್ದು ಚಾದ ಕಪ್ಪಿಗೆ ಮುಚ್ಚಾಕರೆ ಬರತೈತಿ ಅಂದ್ರ, ಅದಕ್ಕೂ ನಡುವ ತೂತು," ಎನ್ನುತ್ತಾರೆ, ನಗದೇ.

ಮದುವೆಯ ವಿಡಿಯೋ ಸಿ.ಡಿ.ಗಳು ಸಾಯುತ್ತವೆ ಎಂದು ಅವನ್ನು ತೆಗೆಸಿಕೊಂಡವರಿಗೆ ಯಾರೂ ಹೇಳಿರಲಿಲ್ಲ. ಐದು ವರ್ಷ ಆಗಿಲ್ಲ, ಬೂಷ್ಟು ಹಿಡಿಯುತ್ತದೆ, ಗೀರು ಬೀಳುತ್ತದೆ. ವಿಡಿಯೋದವರು ಮೂಲ ಕ್ಯಾಸೆಟ್ಟಿನ ಮೇಲೆ ಮುಂದಿನ ಮದುವೆ ತೆಗೆದಿರುತ್ತಾರೆ. ಹೀಗೆ ಉಳಿದ ಒಂದೇ ಒಂದನ್ನು ಜನ ಅನ್ವರಿ ಅವರಿಗೆ ತಂದು ಕೊಡುತ್ತಾರೆ. ಅವರು ಅದನ್ನು ಕಂಪ್ಯೂಟರಿಗೆ ಇಳಿಸಿ, ಹೊಸ ಸಿ.ಡಿ.ಗೆ ಏರಿಸುತ್ತಾರೆ. ಮೂರು ವರ್ಷದಲ್ಲಿ ಸಾವಿರಕ್ಕೂ ಹೆಚ್ಚು ಮದುವೆಗಳು ಈ ಹತ್ತಡಿ ಕೋಣೆಯಲ್ಲಿ ಎರಡನೆಯ ಸಲ ನಡೆದಿವೆ.

ಅವರು ಓದಿದ್ದು ಉರ್ದು ಸಾಲಿಯಲ್ಲಿ ಏಳನೆಯವರೆಗೆ. ಇಪ್ಪತ್ತು ವರ್ಷ ಮಗ್ಗದ ಲಾಳಿಯೊಳಗಿನ ಕಂಡಿಕೆಗಳಿಗೆ ನೂಲು ಸುತ್ತಿದರು. ರವಿವಾರ ಪೇಟೆಯಲ್ಲಿ ಅಂಗಡಿ ಇಟ್ಟಿರುವ ತಮ್ಮ ಜಹಾಂಗೀರ ಒಂದು ಹಳೆಯ ಕಂಪ್ಯೂಟರು ಕೊಂಡು, ಬೇಸರವಾಗಿ ಮೂಲೆಗೆ ಸರಿಸಿದ್ದ. ಅದರೊಳಗೆ ಕಲಿಯುವವರಿಗೆಂದೇ ಮಾಡಿದ ಒಂದು ಸಾಫ್ಟ್‌ವೇರ್ ಇತ್ತು. ಇಂಗ್ಲಿಷು ಕಡಿಮೆ, ಚಿತ್ರ ಹೆಚ್ಚು. ಸಿ.ಡಿ.ಯ ಚಿತ್ರ ಒತ್ತಿದರೆ ಒಳಗೆ ಇಳಿಯುತ್ತದೆ, ಬಾಣ ಒತ್ತಿದರೆ ಹೊರಗೆ ಏರುತ್ತದೆ. ಓದುವ ವೇಗಕ್ಕೆ ಒಂದು ಕಡೆ ಮೊಲ, ಇನ್ನೊಂದು ಕಡೆ ಆಮೆ. ಅನ್ವರಿ ಯಾವಾಗಲೂ ಆಮೆ. ಇನ್ನೊಂದು ಚಿತ್ರ ಕತ್ತರಿಯದು. ಅದನ್ನು ಅವರು ಇವತ್ತಿನವರೆಗೆ ಮುಟ್ಟಿಲ್ಲ.

ಮೊದಲು ಕೆಡಿಸಿದ್ದೂ ಬಹಳ. ನೂಲು ಸುತ್ತಿದ ಕೈ ಸಿ.ಡಿ.ಯನ್ನೂ ಸುತ್ತು ಸುತ್ತಾಗಿಯೇ ಒರೆಸುತ್ತಿತ್ತು. ಹಾಗೆ ಒರೆಸಿದರೆ ಗೀರು ಸಿ.ಡಿ.ಯ ಬರಹದ ಗುಂಟವೇ ಓಡುತ್ತದೆ, ಯಂತ್ರ ದಾರಿ ತಪ್ಪುತ್ತದೆ. ನಾದಿನಿಯ ಮಗಳ ಮದುವೆ ಹೀಗೆಯೇ ಹೋಯಿತು. "ಇಪ್ಪತ್ತು ವರ್ಷದ ರೂಢಿ ಬಿಡಿಸಾಕ ಆರು ತಿಂಗಳ ಬೇಕಾತು. ನಾದಿನಿ ಇನ್ನೂ ಮಾತಾಡಂಗಿಲ್ಲ."

ಗೋಡೆಗೆ ಒಂದು ರಟ್ಟು ಅಂಟಿಸಿದ್ದಾರೆ. ಕನ್ನಡ, ಮರಾಠಿ, ಉರ್ದು ಮೂರರಲ್ಲೂ ಒಂದೇ ಮಾತು: ಮದುವೆಯ ಪ್ರತಿ ಎರಡು ಮಾಡಲಾಗುವುದು. ಒಂದು ಗಂಡಿನ ಮನೆಗೆ, ಒಂದು ಹೆಣ್ಣಿನ ಮನೆಗೆ. ಒಪ್ಪದವರು ಕೊಡಬಾರದು. ಎರಡನೆಯದಕ್ಕೆ ಅನ್ವರಿ ಹಣ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ವಿಡಿಯೋದವರಿಗೆ ಹೇಳುವುದು ಗಂಡಿನ ಕಡೆಯವರು, ಇಟ್ಟುಕೊಳ್ಳುವುದೂ ಅವರೇ. ಅನ್ವರಿ ಅವರ ಮದುವೆಯದೂ ಒಂದು ಕ್ಯಾಸೆಟ್ ಇತ್ತು. ಎರಡು ವರ್ಷಕ್ಕೆ ಅವರು ತವರಿಗೆ ಬಂದುಬಿಟ್ಟರು, ಕ್ಯಾಸೆಟ್ ಹುಬ್ಬಳ್ಳಿಯ ಗಂಡನ ಮನೆಯಲ್ಲೇ ಉಳಿಯಿತು. "ನನ್ನ ಮದವಿ ನಾನ ನೋಡಿಲ್ರಿ. ನಮ್ಮ ಅಮ್ಮಾ ಸಾಯೂ ತನಕಾ ಕೇಳಿದ್ಲು. ಕೇಳಾಕ ಹೋದ್ರ, ಖರ್ಚು ಮಾಡಿದಾವ್ರು ನಾವು ಅಂದ್ರು." ಇಷ್ಟು ಹೇಳಿ, ಈ ಮಾತು ಮುಗಿಯಿತು ಎಂಬಂತೆ ಬಟ್ಟೆಯ ಹೊಸ ಚೂರು ಹರಿಯುತ್ತಾರೆ.

ಈಗ ಕೈಯಲ್ಲಿರುವುದು ಖಾನಾಪುರದ ಒಂದು ಮನೆಯದು. ಹೆಸರುಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಐದು ವರ್ಷದ ಹಿಂದೆ, ೧೯೯೯ರಲ್ಲಿ, ಸೋಮಲಿಂಗನಿಗೂ ಗುಂಜಿಯ ತ್ರಿವೇಣಿಗೂ ಮದುವೆಯಾಯಿತು. ಹೋದ ವರ್ಷ ಕೋರ್ಟಿನಲ್ಲಿ ಇಬ್ಬರೂ ಬೇರೆಯಾದರು. ಮದುವೆಯ ಮೂರು ಸಿ.ಡಿ.ಗಳು ಮಾತ್ರ ಗಂಡಿನ ಮನೆಯ ದೇವರ ಜಗಲಿಯ ಮೇಲೆಯೇ ಉಳಿದವು. ಪ್ರತಿ ದೀಪಾವಳಿಗೆ ಸೋಮಲಿಂಗನ ತಾಯಿ ಶಿವಬಸವ್ವ ಮನೆಯ ಬಂಗಾರದ ಜೊತೆ ಎಲ್ಲಕ್ಕಿಂತ ಮೇಲಿದ್ದ ಸಿ.ಡಿ.ಗೂ ಪೂಜೆ ಮಾಡಿದರು. ಹೊಳೆಯುವ ಬದಿಯೇ ಮುಖ ಎಂದು ತಿಳಿದು ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಅಲ್ಲೇ ಹಚ್ಚಿದರು. ಐದು ದೀಪಾವಳಿ, ಐದು ಪದರ. ಇಂಥವು ತಿಂಗಳಿಗೆ ನಾಲ್ಕಾದರೂ ಬರುತ್ತವೆ ಎನ್ನುತ್ತಾರೆ ಅನ್ವರಿ.

ಅವುಗಳಲ್ಲಿರುವ ತಮ್ಮ ಅಣ್ಣನನ್ನು ನೋಡಬೇಕೆಂದು ಶಿವಬಸವ್ವ ತಾವೇ ತಂದು ಕೊಟ್ಟಿದ್ದರು. ರಟ್ಟನ್ನು ಓದಿ ಹೇಳಿದಾಗ ತಲೆಯಾಡಿಸಿ, ಹೆಣ್ಣಿನ ಊರು ಗುಂಜಿ ಎಂದೂ ತಿಳಿಸಿದ್ದರು. ಅನ್ವರಿ ಗುಂಜಿಗೆ ಹೇಳಿ ಕಳಿಸಿದರು. ಹೋದ ಸೋಮವಾರ ತ್ರಿವೇಣಿಯ ತಾಯಿ ಫಕೀರವ್ವ ರೈಲಿನಲ್ಲಿ ಬಂದು, ಈ ಹೊಸ್ತಿಲ ಮೇಲೆ ಕೂತು, ಒಳಗೆ ಬರಲಾರೆ ಎಂದು ಹಟ ಹಿಡಿದು ಚಹಾ ಕುಡಿದರು. ಅವರ ಗಂಡ ಮಾಯಪ್ಪ ಕುರಿ ಕಾಯುತ್ತಿದ್ದವರು, ಡೊಳ್ಳು ಬಾರಿಸುತ್ತಿದ್ದವರು. ತೀರಿಕೊಂಡು ಮೂರು ವರ್ಷವಾಯಿತು. ಮಗಳ ಮದುವೆಯಲ್ಲಿ ಅವರು ಡೊಳ್ಳು ಹೊಡೆದದ್ದು ಆ ಸಿ.ಡಿ.ಯಲ್ಲಿದೆ, ಬೇರೆಲ್ಲೂ ಇಲ್ಲ.

"ಅವರ ಮಾರಿ ನನಗ ನೆನಪೈತಿ ಯವ್ವಾ," ಎಂದರಂತೆ ಫಕೀರವ್ವ. "ಡೊಳ್ಳಿನ ಮ್ಯಾಲಿನ ಕೈ ಮರತೇನಿ."

ಮೂರು ಸಿ.ಡಿ.ಗಳಲ್ಲಿ ಎರಡು ಸುಲಭವಾಗಿ ಇಳಿದಿವೆ. ಡೊಳ್ಳು ಇರುವುದು ಉಳಿದ ಈ ಒಂದರಲ್ಲಿ, ಕುಂಕುಮದ ಕೆಳಗೆ. ಶಹಾಪುರದಲ್ಲಿ ರೇಷ್ಮೆ ಸೀರೆ ತೊಳೆಯುವ ಅಂಟವಾಳದ ನೊರೆಯನ್ನು ಅನ್ವರಿ ರಾತ್ರಿಯಿಡೀ ಅದರ ಮೇಲೆ ಬಿಟ್ಟಿದ್ದಾರೆ. ಬೆಳಗಿನಿಂದ ಇದು ನಾಲ್ಕನೆಯ ಸಲ. ಒರೆಸುತ್ತಾರೆ, ತಳ್ಳುತ್ತಾರೆ, ಆಮೆ ಒತ್ತುತ್ತಾರೆ. ಅರವತ್ತೊಂದು. ಯಂತ್ರ ಕೆಮ್ಮುತ್ತದೆ. ಅವರ ಕೈ ಮೇಜಿನ ಅಂಚನ್ನು ಹಿಡಿದಿದೆ. ಅರವತ್ತೆರಡು.

ಆರೂ ಇಪ್ಪತ್ತಕ್ಕೆ ಪರದೆಯ ಮೇಲೆ ಹಳದಿ ರುಮಾಲಿನ ಮನುಷ್ಯನೊಬ್ಬ ಮೊಣಕಾಲು ಬಗ್ಗಿಸಿ, ಎಡಗೈಯನ್ನು ಬಿಡಿಸಿಟ್ಟು ಡೊಳ್ಳು ಹೊಡೆಯುತ್ತಾನೆ. ಚಿತ್ರ ಎರಡು ಕಡೆ ಚೌಕ ಚೌಕವಾಗಿ ಒಡೆಯುತ್ತದೆ, ಸದ್ದು ಒಡೆಯುವುದಿಲ್ಲ. ಅವನ ಬಾಜು ಮದುಮಗಳು ನಗು ತಡೆಯಲು ಸೆರಗು ಕಚ್ಚಿದ್ದಾಳೆ. ನಾಲ್ಕು ನಿಮಿಷ. ಅನ್ವರಿ ಪೂರ್ತಿ ನೋಡುತ್ತಾರೆ. ಆಮೇಲೆ ಹೊಸ ಸಿ.ಡಿ. ಹಾಕಿ ಬಾಣ ಒತ್ತುತ್ತಾರೆ. ಗುಂಜಿಯದು ಮೊದಲು.

ಅದು ಇನ್ನೂ ಬರೆಯುತ್ತಿರುವಾಗಲೇ ರಾಮಲಿಂಗ ಬರುತ್ತಾರೆ. ಸೋಮಲಿಂಗನ ಅಣ್ಣ, ಖಾನಾಪುರದಲ್ಲಿ ಅಂಗಡಿಯಿದೆ, ಮೊದಲ ಬಸ್ಸಿಗೆ ಹೊರಟು ಬಂದಿದ್ದಾರೆ. ಕೈಯಲ್ಲೊಂದು ಚೀಲ. ಅನ್ವರಿ ಸ್ಟೂಲು ಸರಿಸಿ ಕುಂದರ್ರಿ ಎನ್ನುತ್ತಾರೆ. ಅವರು ಕೂತು, ಸಭ್ಯವಾಗಿಯೇ ವಿಷಯ ಹೇಳುತ್ತಾರೆ: ಬರುವ ತಿಂಗಳು ತಮ್ಮನಿಗೆ ಇನ್ನೊಂದು ಮದುವೆ. ಹೊಸ ಬೀಗರ ಕಣ್ಣಿಗೆ ಹಳೆಯದು ಬೀಳಬಾರದು. ಅವ್ವನ ಅಣ್ಣ ಇರಲಿ, ನಮ್ಮ ಮಂದಿ ಇರಲಿ, ಆ ಹುಡುಗಿಯನ್ನು ತೆಗೆದುಬಿಡಿ.

"ಮದವಿಯೊಳಗ ಮದುಮಗಳನ್ನ ತಗದ್ರ ಏನ ಉಳೀತೈತ್ರಿ ಅಣ್ಣಾರ? ಊಟಾ?"

ರಾಮಲಿಂಗರಿಗೂ ನಗು ಬರುತ್ತದೆ. ಸರಿ, ಕತ್ತರಿಸುವುದು ಬೇಡ ಎಂದು ಒಪ್ಪುತ್ತಾರೆ. ಅವರು ಬಂದಿರುವುದು ನಿಜವಾಗಿ ಮುಂದಿನ ಮಾತಿಗೆ. ಗುಂಜಿಗೆ ಒಂದು ಹೋಗುತ್ತದೆಂದು ಅವ್ವ ಹೇಳಿದ್ದಾಳೆ. ಅದು ಹೋಗಬಾರದು. ಸಂಬಂಧವೇ ಇಲ್ಲದ ಮನೆಗೆ ನಮ್ಮ ಮನೆಯ ಸಿ.ಡಿ. ಯಾಕೆ?

ಅವರು ಚೀಲದಿಂದ ಒಂದು ಡಬ್ಬಿ ತೆಗೆದು ಕೀಲಿಮಣೆಯ ಪಕ್ಕ ಇಡುತ್ತಾರೆ. ಹೊಚ್ಚ ಹೊಸ ಡಿ.ವಿ.ಡಿ. ರೈಟರ್. ಮೂರು ಸಿ.ಡಿ.ಯ ಮದುವೆಯನ್ನು ಒಂದರಲ್ಲೇ ಹಿಡಿಸುವಂಥದ್ದು. ಅನ್ವರಿ ಅವರ ಈಗಿನ ಯಂತ್ರ ಹತ್ತರಲ್ಲಿ ಮೂರನ್ನು ಕೆಡಿಸುತ್ತದೆ. ಇಂಥದೊಂದು ಬೇಕೆಂದು ಅವರು ಒಂದು ವರ್ಷದಿಂದ ಹೇಳುತ್ತಿರುವುದು ಓಣಿಗೆಲ್ಲ ಗೊತ್ತು.

"ಇದು ನಿಮಗಂತ ತಂದೀನಿ. ಹೊಸಾ ಮದವಿ ಸಿ.ಡಿ. ಕೆಲಸಾನೂ ನಿಮಗ, ಐವತ್ತು ಪ್ರತಿ. ಅದೊಂದು ಗುಂಜೀಗಿ ಕಳಸಬ್ಯಾಡ್ರಿ ಅಕ್ಕಾರ. ಕೆಟ್ಟು ಹೋಗೇತಿ ಅಂತ ಹೇಳ್ರಿ. ಅರ್ಧ ಖರೇನ ಐತಲ್ಲ."

ಅನ್ವರಿ ಡಬ್ಬಿಯನ್ನು ಕೈಗೆತ್ತಿಕೊಳ್ಳುತ್ತಾರೆ. ಅದರ ಮೇಲಿನ ಚಿತ್ರವನ್ನು, ಹಿಂಬದಿಯ ಸಣ್ಣ ಅಕ್ಷರಗಳನ್ನು ತಿರುಗಿಸಿ ನೋಡುತ್ತಾರೆ. ಯಂತ್ರ ಟಕ್ ಎಂದು ಬಾಯಿ ತೆರೆಯುತ್ತದೆ. ಅವರು ಡಬ್ಬಿ ಕೆಳಗಿಟ್ಟು, ಬಿಸಿಯಾದ ಸಿ.ಡಿ.ಯನ್ನು ಅಂಚು ಹಿಡಿದು ಎತ್ತಿ, ಕಾಗದದ ಲಕೋಟೆಗೆ ಇಳಿಸಿ, ಪೆನ್ನಿನಿಂದ ಗುಂಜಿ ಎಂದು ಬರೆಯುತ್ತಾರೆ. ಪಕ್ಕದ ಕೋಣೆಯಲ್ಲಿ ಮೊದಲ ಮಗ್ಗ ಶುರುವಾಗುತ್ತದೆ. ಬಲ್ಬು ಮಂಕಾಗುತ್ತದೆ.

ಡಬ್ಬಿಯನ್ನು ಅವರು ಎರಡೂ ಕೈಯಿಂದ ರಾಮಲಿಂಗರ ಕಡೆ ಸರಿಸುತ್ತಾರೆ.

"ಬ್ಯಾಡ್ರಿ. ತಗೊಂಡು ಹೋಗ್ರಿ."